ಒಪ್ಪದೆ ಹಾಕಿದ ಒಪ್ಪ

ಮಲಯಾಳದಲ್ಲಿ ಸಹಿಗೆ ‘ಒಪ್ಪ್’ ಎನ್ನುತ್ತಾರೆ. ನಮ್ಮ ಹಳೆಯ ಶಾಸನಗಳಲ್ಲೂ ಸಹಿಗೆ ‘ಒಪ್ಪ’ ಎಂಬ ಮಾತೇ ಇತ್ತು. ಈಗಿನ ಕನ್ನಡದಲ್ಲಿ ‘ಒಪ್ಪು’ ಎಂದರೆ ಸಮ್ಮತಿಸು ಎಂಬರ್ಥವೇ ಮುಖ್ಯವಾಗಿ ಉಳಿದಿದೆ. ಎರಡೂ ಭಾಷೆಗಳನ್ನು ಒಂದೇ ರಕ್ಷಾಪುಟದೊಳಗೆ ಇಟ್ಟುಕೊಂಡು ಬರುವ ಈ ವಾರ್ಷಿಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದಿ, ತಿಳಿದು, ಮನಸ್ಸು ಒಪ್ಪಿದ ಮೇಲೆ ಹಾಕುವ ಗುರುತೇ ಒಪ್ಪ. ಹಿರಿಯರು ಸಹಿಯನ್ನೂ ಸಮ್ಮತಿಯನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟಿದ್ದರು. ನಾವು ಆ ಗಂಟನ್ನು ಬಿಚ್ಚಿಬಿಟ್ಟೆವು. ವಯಸ್ಕರ ಶಿಕ್ಷಣ ಎಂಬ ಹೆಸರಿನಲ್ಲಿ ನಾವು ದಶಕಗಳಿಂದ ಮಾಡಿಕೊಂಡು ಬಂದ ಕೆಲಸದ ದೊಡ್ಡ ಪಾಲು, ಒಪ್ಪದೆ ಒಪ್ಪ ಹಾಕುವುದನ್ನು ಜನರಿಗೆ ಕಲಿಸಿದ್ದು ಎಂಬುದು ನನ್ನ ಆಪಾದನೆ.

ನಾನು ಶಿಕ್ಷಣತಜ್ಞನಲ್ಲ, ಬಿ.ಎ. ಮುಗಿಸಿ ಬ್ಯಾಂಕ್ ಸೇರಿದ ಗುಮಾಸ್ತ. ಹುಟ್ಟಿದ್ದು ಕಾಸರಗೋಡಿನ ಕಡೆ, ಅನ್ನ ಹುಟ್ಟುತ್ತಿರುವುದು ಮೆಟ್ಟುಪಾಳ್ಯದಲ್ಲಿ. ‘ಗುಮಾಸ್ತನಿಗೇಕೆ ಈ ಉಸಾಬರಿ?’ ಎಂದು ಕೇಳುವವರಿಗೆ ಉತ್ತರ ಇಷ್ಟೆ: ವಯಸ್ಕರ ಶಿಕ್ಷಣದ ನಿಜವಾದ ಫಲಿತಾಂಶ ಪ್ರಕಟವಾಗುವುದು ಬ್ಯಾಂಕಿನ ಕೌಂಟರಿನಲ್ಲಿ. ಅಕ್ಷರ ಬಂತೆಂದು ಪ್ರಮಾಣಪತ್ರ ಪಡೆದವರು ಆ ಅಕ್ಷರದಿಂದ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದು ಚಲನ್ ತುಂಬುವ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಶಾಲೆಯ ಮಾಸ್ತರರು ಕಲಿಕೆಯನ್ನು ವರ್ಷಕ್ಕೊಮ್ಮೆ ಅಳೆಯುತ್ತಾರೆ. ನಮ್ಮ ಕಣ್ಣಿಗೆ ಅದು ದಿನವೂ ಬೀಳುತ್ತಿರುತ್ತದೆ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಮೆಟ್ಟುಪಾಳ್ಯವೆಂದರೆ ಊಟಿಗೆ ಹೋಗುವ ಪುಟ್ಟ ರೈಲು ಹೊರಡುವ ಊರು. ಭವಾನಿ ಹೊಳೆಯ ದಂಡೆ, ನೀಲಗಿರಿಯ ಬುಡ, ಆಲೂಗಡ್ಡೆಯ ಮಂಡಿ. ಅಲ್ಲಿ ಕನ್ನಡವೆಲ್ಲಿಂದ ಬಂತು ಎಂದು ಗಡಿನಾಡಿನವರೇ ಕೇಳಬಾರದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿತು. ಗೆರೆ ಎಳೆದವರು ತಾಲೂಕುಗಳನ್ನು ಎಣಿಸಿದರೇ ಹೊರತು ಮನೆಗಳನ್ನು ಎಣಿಸಲಿಲ್ಲ. ಮೆಟ್ಟುಪಾಳ್ಯಕ್ಕೆ ಸಮೀಪದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು, ಚೌಡೇಶ್ವರಿಯೇ ಕುಲದೇವತೆ, ಓದು-ಬರಹವೆಲ್ಲ ತಮಿಳು. ಬೆಟ್ಟದ ಮೇಲಿಂದ ಮೂಟೆಗಳೊಂದಿಗೆ ಇಳಿದು ಬರುವ ಬಡಗರ ಮಾತು ಕನ್ನಡದ ತೀರ ಹತ್ತಿರದ ನೆಂಟ. ನಾನು ಮಾತನಾಡುತ್ತಿರುವುದು ಮುಖ್ಯವಾಗಿ ಇವರ ವಿಷಯ. ಆದರೆ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕುಳಿತು ಓದುವವರಿಗೆ ಇದು ಪರಊರಿನ ಕಥೆಯೆಂದು ತೋರಲಾರದು.

ಈ ಜನ ಏನೂ ಕಲಿಯದವರೇ? ಸಿರುಮುಗೈಯ ಮಗ್ಗದ ಮನೆಯೊಂದಕ್ಕೆ ಹೋಗಿ ನೋಡಿ. ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಜೋತುಬಿದ್ದ ರಟ್ಟಿನ ಪಟ್ಟಿಗಳ ಮಾಲೆ. ಪಟ್ಟಿಯಲ್ಲಿ ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಲಾಳಿ ಓಡಾಡಿದಂತೆ ಸೆರಗಿನಲ್ಲಿ ನವಿಲು ಮೂಡುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತ ಈ ಯಂತ್ರಕ್ಕೆ ರೂಪು ಕೊಟ್ಟ. ಲೆಕ್ಕದ ಯಂತ್ರಗಳಿಗೆ ತೂತಿನ ಪಟ್ಟಿಯಲ್ಲಿ ಆಜ್ಞೆ ಕೊಡುವ ಆಲೋಚನೆ ಮುಂದೆ ಬಂದದ್ದು ಇದರಿಂದಲೇ. ಅಂಚಿನಲ್ಲಿ ಒಂದು ಹೂವು ಸೊಟ್ಟಗಾದರೆ ದೋಷ ಯಾವ ಪಟ್ಟಿಯ ಯಾವ ತೂತಿನದೆಂದು ಬೆರಳಿಟ್ಟು ತೋರಿಸುವ ನೇಕಾರ ಈ ಊರಿನಲ್ಲಿದ್ದಾನೆ. ಅದೇ ಬೆರಳನ್ನು ನಾವು ಮಸಿಗೆ ಒತ್ತಿಸಿ ‘ಅನಕ್ಷರಸ್ಥ’ ಎಂದು ಬರೆದುಕೊಳ್ಳುತ್ತೇವೆ.

ಇನ್ನು ಮಂಡಿಗೆ ಬನ್ನಿ. ನೀಲಗಿರಿ ಆಲೂಗಡ್ಡೆಗೆ ಇಲ್ಲಿ 45 ಕಿಲೋ ಮೂಟೆಯ ಲೆಕ್ಕದಲ್ಲಿ ಬೆಲೆ ಕೂಗುತ್ತಾರೆ. ಮೂಟೆಗೆ 1,530 ರೂಪಾಯಿ ಎಂದೊಡನೆ ಕಿಲೋಗೆ 34 ಬಿತ್ತೆಂದು ಗಟ್ಟಿಯಾಗಿ ಹೇಳಲು ಹಮಾಲಿಗೆ ಕಾಗದ ಬೇಕಿಲ್ಲ. ಬಿ.ಎ. ಓದಿದ ನನಗೆ ಲೆಕ್ಕದ ಯಂತ್ರ ಬೇಕು.

ಇವರು ಕಲಿತದ್ದು ಹೇಗೆ? ಮಗ್ಗದ ಮನೆಯಲ್ಲಿ ಮೊದಲು ಕಂಡಿಕೆ ಸುತ್ತುವುದು. ಅದರಲ್ಲಿ ತಪ್ಪಿದರೆ ಹೋಗುವುದು ಒಂದು ಮೊಳ ನೂಲು. ಆಮೇಲೆ ಹರಿದ ಎಳೆ ಕೂಡಿಸುವುದು. ಬೆಲೆಬಾಳುವ ಸೆರಗಿಗೆ ಕೈ ಹಾಕುವುದು ಕೊನೆಗೆ. ಅಮೆರಿಕದ ವಿದ್ವಾಂಸೆ ಜೀನ್ ಲೇವ್ ಆಫ್ರಿಕದ ಲೈಬೀರಿಯದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಕುಳಿತು ಇದನ್ನೇ ಕಂಡರು. ಅಲ್ಲಿ ಕಲಿಯುವವನು ಗುಂಡಿ ಹೊಲಿಯುವುದರಿಂದ, ಅಂಚು ಮಡಚುವುದರಿಂದ ತೊಡಗುತ್ತಾನೆ. ಬಟ್ಟೆಗೆ ಕತ್ತರಿ ಹಾಕುವುದು ಕಟ್ಟಕಡೆಗೆ. ತಪ್ಪು ಅಗ್ಗವಾಗಿರುವಲ್ಲಿ ಮೊದಲ ಪಾಠ, ತಪ್ಪು ದುಬಾರಿಯಾದಲ್ಲಿ ಕೊನೆಯ ಪಾಠ. ಯಾರೂ ಪಠ್ಯಕ್ರಮ ಬರೆಯದೆಯೇ ಕೆಲಸದ ಮನೆಗಳು ಕಂಡುಕೊಂಡ ಕ್ರಮ ಇದು. ಕಲಿಯುವವನು ಮೊದಲ ದಿನದಿಂದಲೂ ಮನೆಯ ಕೆಲಸಕ್ಕೆ ಬೇಕಾದವನು. ‘ನಿನಗೆ ಏನೂ ಬರುವುದಿಲ್ಲ’ ಎಂದು ಹೇಳಿ ಯಾರೂ ಅವನನ್ನು ಕೂರಿಸುವುದಿಲ್ಲ.

ನಮ್ಮ ವಯಸ್ಕರ ತರಗತಿ ಶುರುವಾಗುವುದು ಮಾತ್ರ ಆ ಮಾತಿನಿಂದಲೇ. ನಲವತ್ತು ವರ್ಷ ಮನೆ ನಡೆಸಿದ ಹೆಂಗಸನ್ನು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂರಿಸಿ, ಚಿತ್ರ ತೋರಿಸಿ, ಕೋರಸ್ಸಿನಲ್ಲಿ ಅಕ್ಷರ ಕೂಗಿಸುತ್ತೇವೆ. ಆಕೆ ನಾಲ್ಕು ದಿನ ಬಂದು ಐದನೆಯ ದಿನ ಬಾರದಿದ್ದರೆ ‘ಈ ಜನಕ್ಕೆ ಆಸಕ್ತಿಯಿಲ್ಲ’ ಎಂದು ವರದಿ ಬರೆಯುತ್ತೇವೆ. ಆಸಕ್ತಿ ಇಲ್ಲದಿರುವುದು ಯಾರಿಗೆ, ಸ್ವಾಮಿ?

ಈಗ ನನ್ನ ಕೌಂಟರಿನ ವಿಷಯಕ್ಕೆ ಬರುತ್ತೇನೆ. ಏಕೆಂದರೆ ನನ್ನ ಆಪಾದನೆಯ ಗಂಟು ಅಲ್ಲಿದೆ. ಓದು ಬಾರದವರ ಖಾತೆಗೆ ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಪ್ರತ್ಯೇಕ ಕ್ರಮವುಂಟು. ಆತ ಖುದ್ದಾಗಿ ಬರಬೇಕು. ಅವನಿಗೂ ಬ್ಯಾಂಕಿಗೂ ಗೊತ್ತಿರುವ ಸಾಕ್ಷಿಯೊಬ್ಬ ಜೊತೆಗಿರಬೇಕು. ಹಣ ತೆಗೆಯುವಾಗ ಹೆಬ್ಬೆಟ್ಟನ್ನು ಅಧಿಕಾರಿಯ ಎದುರಿನಲ್ಲೇ ಒತ್ತಬೇಕು. ಖಾತೆಯ ಷರತ್ತುಗಳನ್ನು ಬ್ಯಾಂಕಿನವರು ಬಾಯಿಬಿಟ್ಟು ವಿವರಿಸಬೇಕು. ಸಾಮಾನ್ಯವಾಗಿ ಚೆಕ್ ಪುಸ್ತಕ ಕೊಡುವಂತಿಲ್ಲ. ಈ ನಿಯಮದಲ್ಲಿ ಅವಮಾನವಿದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಅದರೊಳಗೆ ಒಂದು ರಕ್ಷಣೆಯೂ ಇದೆ. ಹೆಬ್ಬೆಟ್ಟು ಒತ್ತುವವನ ಮುಂದೆ ಮತ್ತೊಬ್ಬ ಮನುಷ್ಯ ನಿಂತು ಅವನ ಭಾಷೆಯಲ್ಲಿ ಮಾತನಾಡಲೇಬೇಕು.

ಅವನು ತನ್ನ ಹೆಸರು ಬರೆಯಲು ಕಲಿತ ದಿನ ಈ ರಕ್ಷಣೆ ಕಳಚಿಬೀಳುತ್ತದೆ. ಸಹಿ ಹಾಕಿದವನು ಓದಿಯೇ ಹಾಕಿರಬೇಕು ಎಂಬುದು ಲೋಕದ ನಂಬಿಕೆ. ಕಚೇರಿಗಳ ನಂಬಿಕೆಯೂ ಅದೇ. ನಾಲ್ಕು ಅಕ್ಷರದ ಹೆಸರು ಬರೆದವನಿಗೆ ನಲವತ್ತು ಪುಟದ ಕರಾರು ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಸಾಕ್ಷರನಾದವನು ಮೊದಲು ಕಳೆದುಕೊಂಡದ್ದು ತನ್ನ ಸಾಕ್ಷಿಯನ್ನು. ಸಾಲ, ವಿಮೆಗಳ ಕಾಗದಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಸಹಿ ಹಾಕುವವರಿಗಾಗಿ ಒಂದು ಹೇಳಿಕೆ ಅಚ್ಚಾಗಿರುತ್ತದಲ್ಲ ಎಂದು ನನ್ನ ಸಹೋದ್ಯೋಗಿಗಳೇ ವಾದಿಸಬಹುದು. ‘ಇದರಲ್ಲಿರುವುದನ್ನು ನನಗೆ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ, ನಾನು ಅರ್ಥ ಮಾಡಿಕೊಂಡಿದ್ದೇನೆ’ ಎಂಬ ಹೇಳಿಕೆ. ಹೌದು, ಇರುತ್ತದೆ. ಅದು ಎಷ್ಟೋ ಕಾಗದಗಳಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಅದರ ಕೆಳಗೂ ಅವರಿಂದ ಸಹಿ ಹಾಕಿಸಲಾಗುತ್ತದೆ.

ಇದು ಬರೀ ತರ್ಕವಲ್ಲ ಎನ್ನಲು ಒಂದೇ ಉದಾಹರಣೆ ಕೊಡುತ್ತೇನೆ. ನಮ್ಮ ಶಾಖೆಗೆ ಬರುವ ನೇಕಾರ ಹೆಂಗಸೊಬ್ಬರು, ಐವತ್ತು ದಾಟಿದವರು, ಸಂಜೆ ತರಗತಿಗೆ ಹೋಗಿ ಹೆಸರು ಬರೆಯಲು ಕಲಿತರು. ಮರುವಾರ ಬಂದಾಗ ಮಸಿಯ ಡಬ್ಬಿಯನ್ನು ಬೆರಳ ತುದಿಯಿಂದ ಆಚೆ ಸರಿಸಿ, “ಮಸಿ ಬ್ಯಾಡ ಸಾರ್, ನಾನೇ ಕೈಯೆಳುತ್ತು ಹಾಕ್ತೀನಿ” ಎಂದರು. ಆ ಹೆಮ್ಮೆಯನ್ನು ನೋಡಿಯೂ ಅಕ್ಷರವನ್ನು ಹಳಿಯುವವನು ಮನುಷ್ಯನಲ್ಲ. ಎರಡು ವರ್ಷಗಳ ನಂತರ ಅವರೇ ಒಂದು ಕಾಗದದ ಕಟ್ಟು ತಂದು ನನ್ನ ಮುಂದಿಟ್ಟರು. ಯಾವ ಸಂಸ್ಥೆಯದೆಂಬುದು ಇಲ್ಲಿ ಬೇಡ. 30,000 ರೂಪಾಯಿ ಠೇವಣಿ ಇಟ್ಟಿದ್ದೇನೆಂದು ಅವರು ತಿಳಿದಿದ್ದರು. ಅದು ವರ್ಷವರ್ಷವೂ ಕಂತು ಕಟ್ಟಬೇಕಾದ ಪಾಲಿಸಿಯಾಗಿತ್ತು. ಎರಡನೆಯ ಕಂತು ಬಾರದ್ದರಿಂದ ನಿಂತುಹೋಗಿತ್ತು. ಕಾಗದಗಳಲ್ಲಿ ಆರು ಸಹಿ, ಆರೂ ಅಚ್ಚುಕಟ್ಟು. ಆರನೆಯದು ಆ ಇಂಗ್ಲಿಷ್ ಹೇಳಿಕೆಯ ಕೆಳಗೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಳುತ್ತು ನಂದೇ ಸಾರ್, ಮಾತು ನಂದಲ್ಲ” ಎಂದರು. ದೂರು ಬರೆದುಕೊಟ್ಟೆವು. ‘ಸಹಿ ನಿಮ್ಮದೇ ತಾನೆ?’ ಎಂಬ ಉತ್ತರ ಬಂತು.

ಆ ಹೆಂಗಸು ಹೆಬ್ಬೆಟ್ಟಿನವರಾಗಿಯೇ ಉಳಿದಿದ್ದರೆ ಆ ಏಜೆಂಟನಿಗೆ ಸಾಕ್ಷಿಯೊಬ್ಬನನ್ನು ಹುಡುಕುವ ಕಷ್ಟವಾದರೂ ಇರುತ್ತಿತ್ತು. ಹಾಗಾದರೆ ಹೆಬ್ಬೆಟ್ಟೇ ಒಳ್ಳೆಯದೇ? ಖಂಡಿತ ಅಲ್ಲ. ಅರ್ಧ ದಾರಿಯವರೆಗೆ ಕರೆದುಕೊಂಡು ಹೋಗಿ ಕೈಬಿಡುವುದು ಮನೆಯಲ್ಲಿ ಬಿಡುವುದಕ್ಕಿಂತ ಅಪಾಯ ಎನ್ನುತ್ತಿದ್ದೇನೆ. ಸಹಿಯು ಓದಿನ ಬಾಗಿಲು. ನಾವು ಬಾಗಿಲನ್ನೇ ಮನೆಯೆಂದು ಮಾರಿದೆವು.

ಸರಕಾರ ತಾನಾಗಿ ಇಷ್ಟು ಕಡಿಮೆಗೆ ಒಪ್ಪಿಕೊಂಡಿರಲಿಲ್ಲ ಎಂಬುದನ್ನು ನೆನಪಿಸಬೇಕು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಮಿಷನ್ ತನ್ನ ವ್ಯಾಖ್ಯೆಯಲ್ಲಿ ಓದು, ಬರಹ, ಲೆಕ್ಕ ಇವುಗಳ ಜೊತೆಗೇ ಮತ್ತೊಂದು ಮಾತು ಸೇರಿಸಿತ್ತು: ಜನ ತಮ್ಮ ಬಡತನದ ಕಾರಣಗಳನ್ನು ಅರಿಯಬೇಕು, ಸಂಘಟಿತರಾಗಿ ಅದರಿಂದ ಹೊರಬರಲು ತೊಡಗಬೇಕು. ನಮ್ಮ ಜನಗಣತಿಯೂ ‘ಅರ್ಥ ಮಾಡಿಕೊಂಡು’ ಓದಿ ಬರೆಯಬಲ್ಲವನನ್ನೇ ಸಾಕ್ಷರನೆನ್ನುತ್ತದೆ. 2011ರ ಜನಗಣತಿಯಂತೆ ಕೇರಳದಲ್ಲಿ ಶೇಕಡ 94, ತಮಿಳುನಾಡಿನಲ್ಲಿ 80, ಕರ್ನಾಟಕದಲ್ಲಿ 75 ಜನ ಸಾಕ್ಷರರು. ಮನೆಯ ಜಗಲಿಯಲ್ಲಿ ನಿಂತ ಗಣತಿದಾರ ‘ಓದಲು ಬರುತ್ತದೆಯೇ?’ ಎಂದು ಕೇಳುತ್ತಾನೆ. ‘ಬರುತ್ತದೆ’ ಎಂದರೆ ಬರೆದುಕೊಳ್ಳುತ್ತಾನೆ. ‘ಅರ್ಥ ಮಾಡಿಕೊಂಡು’ ಎಂಬ ಮಾತು ಕೈಪಿಡಿಯಲ್ಲೇ ಉಳಿಯುತ್ತದೆ.

ಈ ಗಡಿನಾಡಿನಲ್ಲಿ ಕೂತು ಸಾಕ್ಷರತಾ ಆಂದೋಲನವನ್ನು ಹಗುರವಾಗಿ ಮಾತನಾಡಲು ನಾನು ಸಿದ್ಧನಿಲ್ಲ. 1990ರ ಫೆಬ್ರವರಿಯಲ್ಲಿ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ ಇಡೀ ಕೇರಳದ ಸಾಕ್ಷರತೆಯನ್ನು ಘೋಷಿಸಿದವರು ಮಂತ್ರಿಯಲ್ಲ, ಆಗತಾನೇ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ. 2018ರಲ್ಲಿ ಆಲಪ್ಪುಳದ ಕಾರ್ತ್ಯಾಯಿನಿ ಅಮ್ಮ 96ನೆಯ ವಯಸ್ಸಿನಲ್ಲಿ ‘ಅಕ್ಷರಲಕ್ಷಂ’ ಪರೀಕ್ಷೆ ಬರೆದು ನೂರಕ್ಕೆ 98 ಪಡೆದರು. ಇವರ ಪಾದಗಳಿಗೆ ನನ್ನ ನಮಸ್ಕಾರ. ನನ್ನ ಜಗಳ ಅವರ ಫೋಟೋ ತೂಗುಹಾಕಿ ಮನೆಗೆ ಹೋದವರೊಂದಿಗೆ.

ಇಂದು ನಡೆಯುತ್ತಿರುವುದು 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ. ‘ಉಲ್ಲಾಸ್’ ಎಂದು ಅದರ ಹೆಸರು. 15 ದಾಟಿದವರಿಗೆ ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50, ಒಟ್ಟು 150 ಅಂಕಗಳ ಪರೀಕ್ಷೆ. ಯೋಜನೆಯ ಕಾಗದದಲ್ಲಿ ಐದು ಅಂಗಗಳಿವೆ: ಮೂಲ ಅಕ್ಷರ-ಸಂಖ್ಯೆ, ಬದುಕಿನ ಮುಖ್ಯ ಕೌಶಲಗಳು, ಕಸುಬು, ಮೂಲ ಶಿಕ್ಷಣ, ಮುಂದುವರಿಕೆಯ ಶಿಕ್ಷಣ. ಎರಡನೆಯದರಲ್ಲಿ ಹಣಕಾಸಿನ ತಿಳಿವಳಿಕೆಯೂ ಸೇರಿದೆ. ಕಾಗದ ಚೆನ್ನಾಗಿಯೇ ಇದೆ. ಆದರೆ ಪತ್ರಿಕೆಯಲ್ಲಿ ಸುದ್ದಿಯಾಗುವುದು ಪರೀಕ್ಷೆಗೆ ಕೂತವರ ಸಂಖ್ಯೆ, ಅಜ್ಜಿಯೊಬ್ಬರ ನಗುಮುಖ. ಪಾಸಾದವರು ಬ್ಯಾಂಕಿಗೆ ಬಂದಾಗ ಅವರ ಕೈಯಲ್ಲಿ ಉಳಿದಿರುವುದನ್ನು ನಾನು ನೋಡುತ್ತೇನೆ. ಹೆಸರು ಉಳಿದಿರುತ್ತದೆ, ದಿನವೂ ಬಳಸದ ಉಳಿದ ಅಕ್ಷರಗಳು ತುಕ್ಕು ಹಿಡಿದಿರುತ್ತವೆ.

ಬೇರೆ ರೀತಿಯಲ್ಲಿ ಮಾಡಬಹುದೇ? ಮಾಡಿದವರಿದ್ದಾರೆ. 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೋ ಫ್ರೇರೆ ಸುಮಾರು 300 ಕೂಲಿಕಾರರಿಗೆ 40 ತಾಸುಗಳ ತರಗತಿಯಲ್ಲಿ ಓದು-ಬರಹ ಕಲಿಸಿದರು. ಅವರ ಪಾಠ ಶುರುವಾದದ್ದು ಕೂಲಿಯವರ ಬಾಯಲ್ಲೇ ಓಡಾಡುವ ಮಾತುಗಳಿಂದ. ಪದ ಬಿಡಿಸುವ ಮೊದಲು ಆ ಪದದ ಹಿಂದಿನ ಬದುಕನ್ನು ಕುರಿತ ಮಾತುಕತೆ. ಮರುವರ್ಷ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆ ಸೆರೆಮನೆಗೆ ಹೋಗಿ, ಆಮೇಲೆ ದೇಶ ಬಿಡಬೇಕಾಯಿತು. ಸಹಿ ಮಾತ್ರ ಕಲಿಸಿದ ಮಾಸ್ತರನನ್ನು ಯಾವ ಸೈನ್ಯವೂ ಹಿಡಿಯುವುದಿಲ್ಲ. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ತಮಿಳುನಾಡಿನ ಪುದುಕ್ಕೋಟೈಯಲ್ಲಿ 1991ರಿಂದ ನಡೆದ ‘ಅರಿವೊಳಿ ಇಯಕ್ಕಂ’ ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿತು. ಸಾವಿರಾರು ಹೆಂಗಸರು ಸೈಕಲ್ ಏರಿದರು. ಸಂತೆಗೆ ಹೋಗಲು ಗಂಡಸಿನ ದಾರಿ ಕಾಯುವುದು ತಪ್ಪಿತು. ಕಲ್ಲು ಕ್ವಾರಿಗಳ ಕೂಲಿ ಹೆಂಗಸರು ಗುಂಪು ಕಟ್ಟಿ ತಾವೇ ಕ್ವಾರಿಯ ಗುತ್ತಿಗೆ ಹಿಡಿದರು. ಗುತ್ತಿಗೆಯ ಕಾಗದ ಓದಬೇಕಾದವಳಿಗೆ ಅಕ್ಷರ ಮರೆಯುವುದು ಅಷ್ಟು ಸುಲಭವಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರೆಂದುಕೊಂಡು ಚಪ್ಪಾಳೆ ತಟ್ಟುವ ಇನ್ನೊಂದು ಗುಂಪಿನತ್ತ ತಿರುಗಬೇಕು. ‘ಅನುಭವವೇ ವಿಶ್ವವಿದ್ಯಾಲಯ, ಮಗ್ಗವೇ ಗುರು, ಆ ಮುಗ್ಧರಿಗೆ ಈ ಹಾಳು ಅಕ್ಷರವೇಕೆ?’ ಎನ್ನುವವರು. ಇದನ್ನು ಹೇಳುವವರೆಲ್ಲ ಮಕ್ಕಳನ್ನು ಒಳ್ಳೆಯ ಶಾಲೆಗೇ ಕಳಿಸಿರುತ್ತಾರೆ. ಕೆಲಸದಲ್ಲಿ ಕಲಿತ ವಿದ್ಯೆ ಕೆಲಸದ ಅಂಗಳದವರೆಗೆ ಮಾತ್ರ ರಾಜ. ಕಾಗದ ಶುರುವಾದಲ್ಲಿ ಅದರ ರಾಜ್ಯ ಮುಗಿಯಿತು. ಸೀರೆಯ ಪ್ರತಿ ಎಳೆಯನ್ನೂ ಬಲ್ಲ ನೇಕಾರನಿಗೆ ತಾನು ಪಡೆದ ಮುಂಗಡದಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಬಂಡವಾಳ ಹಾಕಿದ ಯಜಮಾನನ ಪುಸ್ತಕ ಹೇಳಿದಷ್ಟೇ. ಮನೆಯ ವಿದ್ಯೆಗೆ ತನ್ನದೇ ಬೇಲಿಗಳೂ ಇವೆ: ಮಗ್ಗದ ಮನೆಯಲ್ಲಿ ಹುಟ್ಟದವನಿಗೆ ಮಗ್ಗದ ಬಳಿ ಕೂರಲು ಜಾಗವೆಲ್ಲಿ?

ನಮ್ಮ ಕಡೆಯ ಉದಾಹರಣೆಗಳೂ ಇದನ್ನೇ ಹೇಳುತ್ತವೆ. ಪಾರ್ತಿಸುಬ್ಬನ ನಾಡಿನಲ್ಲಿ ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು ಕೂಡ ತಾಳಮದ್ದಳೆ ಕೇಳಿ ಕೇಳಿ ಅರ್ಥಧಾರಿಗಳಾದರು. ಎದುರಾಳಿಯ ಮಾತಿನಲ್ಲಿ ಸಂದು ಹುಡುಕಿ ಹಿಡಿಯುವ ವಿದ್ಯೆಯನ್ನು ಕೂಟವೇ ಕಲಿಸಿತು. ಕಣ್ಣೂರಿನ ಬೀಡಿ ಕಾರ್ಮಿಕರ ಕಥೆ ಮಲಯಾಳದ ಓದುಗರಿಗೆ ಗೊತ್ತೇ ಇದೆ. ಒಬ್ಬ ಪತ್ರಿಕೆ ಓದುತ್ತಾನೆ, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಾರೆ, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುತ್ತಾರೆ. 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿ ನಡೆಸಿದ್ದು ಹೀಗೆ ಕೇಳಿ ಬೆಳೆದ ಜನ. ಅಲ್ಲಿ ಅಕ್ಷರ ಇಲ್ಲದೆ ಕಲಿಕೆ ನಡೆಯಲಿಲ್ಲ ಎಂಬುದನ್ನು ಗಮನಿಸಿ. ಅಕ್ಷರ ಕೆಲಸದ ಜಾಗಕ್ಕೇ ಬಂತು, ಅದಕ್ಕೆ ಕೂಲಿ ನಷ್ಟವಾಗದ ಏರ್ಪಾಡಿತ್ತು, ಓದಿದ್ದರ ಮೇಲೆ ಜಗಳವಾಡುವ ಸ್ವಾತಂತ್ರ್ಯವಿತ್ತು. ವಯಸ್ಕರ ಶಿಕ್ಷಣಕ್ಕೆ ಬೇಕಾದ ಮೂರು ಸಾಮಗ್ರಿಗಳು ಇವೇ.

ನಾಲ್ಕನೆಯದು ಭಾಷೆ. ಲೈಬೀರಿಯದಲ್ಲಿ ವಾಯ್ ಎಂಬ ಜನರಿದ್ದಾರೆ. ಅವರಲ್ಲಿ ಮೂರು ಲಿಪಿಗಳು: ಶಾಲೆಯಲ್ಲಿ ಇಂಗ್ಲಿಷ್, ಕುರಾನ್ ಪಾಠಶಾಲೆಯಲ್ಲಿ ಅರಬಿ; ಅವರಲ್ಲೇ 1830ರ ದಶಕದಲ್ಲಿ ಹುಟ್ಟಿದ ವಾಯ್ ಲಿಪಿಯನ್ನು ಮಾತ್ರ ಶಾಲೆಯಿಲ್ಲದೆ ನೆಂಟರಿಷ್ಟರಿಂದ ಕಲಿಯುತ್ತಾರೆ. ಸಿಲ್ವಿಯಾ ಸ್ಕ್ರಿಬ್ನರ್, ಮೈಕಲ್ ಕೋಲ್ ಎಂಬ ಮನಶ್ಶಾಸ್ತ್ರಜ್ಞರು ಇವರನ್ನು ವರ್ಷಗಟ್ಟಲೆ ಪರೀಕ್ಷಿಸಿ 1981ರಲ್ಲಿ ಪುಸ್ತಕ ಬರೆದರು. ಅಕ್ಷರ ಕಲಿತ ಮಾತ್ರಕ್ಕೆ ಒಟ್ಟು ಬುದ್ಧಿ ಬದಲಾಗುವುದಿಲ್ಲ. ಯಾವ ಲಿಪಿಯನ್ನು ಯಾವುದಕ್ಕೆ ಬಳಸುತ್ತಾರೋ ಅದರಲ್ಲಿ ಚುರುಕಾಗುತ್ತಾರೆ ಎಂದು ಅವರು ಕಂಡರು. ವಾಯ್ ಲಿಪಿಯಲ್ಲಿ ಕಾಗದ ಬರೆಯುವವರು, ಎದುರಿಗಿಲ್ಲದವನಿಗೆ ವಿಷಯವನ್ನು ಬಿಡಿಸಿ ಹೇಳುವುದರಲ್ಲಿ ಪಳಗಿದ್ದರು. ಈ ಮಾತನ್ನು ನಮ್ಮ ಊರಿಗೆ ತಂದರೆ: ಸಹಿ ಹಾಕಲು ಮಾತ್ರ ಬಳಸುವ ಅಕ್ಷರ ಸಹಿ ಹಾಕುವುದರಲ್ಲಿ ಮಾತ್ರ ಚುರುಕು ಮಾಡುತ್ತದೆ.

ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ತಮಿಳು, ಕರಾರಿನಲ್ಲಿ ಇಂಗ್ಲಿಷ್ ಇರುವ ಸಿರುಮುಗೈಯ ಹೆಂಗಸಿಗೆ ತಮಿಳಿನ ಅಕ್ಷರವನ್ನೇ ಕಲಿಸಿ, ನನ್ನ ತಕರಾರಿಲ್ಲ. ಅಂಗಡಿ, ಆಸ್ಪತ್ರೆ, ಬಸ್ಸು ಎಲ್ಲವೂ ತಮಿಳು. ಆದರೆ ಅರ್ಥದ ಚರ್ಚೆ ಅವಳ ಮನೆಮಾತಿನಲ್ಲಿ ನಡೆಯಬೇಕು. ನಾನೇ ಮೂವತ್ತು ದಾಟಿದ ಮೇಲೆ ತಮಿಳು ಕಲಿತವನು. ಲಿಪಿಯನ್ನು ಪುಸ್ತಕ ಕಲಿಸಿತು. ಮಾತನ್ನು ಕೌಂಟರಿನ ಆಚೆ ನಿಂತವರು ಕಲಿಸಿದರು. ಅನುಮಾನ ಬಂದಾಗಲೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುವ ನೇಕಾರರೊಬ್ಬರು ಸಿಗುತ್ತಿದ್ದರು. ನನಗೆ ದೊರೆತ ಅನುಕೂಲ ಆ ಹೆಂಗಸಿಗೆ ಏಕೆ ಇಲ್ಲ? ಕಾಸರಗೋಡಿನಲ್ಲಿ ಹತ್ತನೆಯ ತರಗತಿಯ ತತ್ಸಮಾನ ಪರೀಕ್ಷೆಯನ್ನು ವಯಸ್ಕರು ಕನ್ನಡದಲ್ಲಿ ಬರೆಯಬಹುದು. ಕೇರಳ ಸಾಕ್ಷರತಾ ಮಿಷನ್ ಆ ಮಟ್ಟಿಗೆ ದೊಡ್ಡ ಮನಸ್ಸು ಮಾಡಿದೆ. ಅದೇ ನ್ಯಾಯವನ್ನು ಭವಾನಿಯ ದಂಡೆಯಲ್ಲೂ ಕೇಳಬೇಡವೇ?

ಶಾಲೆಯ ಕಲಿಕೆಯೂ ಕೆಲಸದ ಕಲಿಕೆಯೂ ಎಣ್ಣೆ-ಸೀಗೆಯೆಂದು ತಿಳಿದವರನ್ನು ಒಮ್ಮೆ ಕಲ್ಲಾರಿನಿಂದ ಕೂನೂರಿಗೆ ರೈಲಿನಲ್ಲಿ ಕರೆದೊಯ್ಯಬೇಕು. 1899ರಲ್ಲಿ ಓಡಲು ತೊಡಗಿದ ಈ ಹಲ್ಲಿನ ಹಳಿಯ ದಾರಿ ಹನ್ನೆರಡು ಅಡಿಗೆ ಒಂದಡಿ ಏರುತ್ತದೆ. ಬೋಗಿಗಳ ಮೇಲೆ ಬ್ರೇಕ್‌ಮನ್‌ಗಳು ನಿಂತು ಇಂಜಿನ್ನಿನ ಸಿಳ್ಳಿಗೆ ತಕ್ಕಂತೆ ಬ್ರೇಕ್ ಹಾಕುತ್ತಾರೆ. ನಿಯಮದ ಪುಸ್ತಕ ಮಾತ್ರ ಓದಿದವನ ಕೈಗೆ ಆ ಬ್ರೇಕ್ ಕೊಟ್ಟರೆ ನೀವು ಹತ್ತುತ್ತೀರಾ? ಸಿಳ್ಳಿನ ಅರ್ಥ ಗೊತ್ತಿಲ್ಲದ ಬರೀ ಕೈಚಳಕದವನಿದ್ದರೆ? ಪ್ರವಾಸಿಗಳ ಜೀವಕ್ಕೆ ಎರಡೂ ಬೇಕೆಂದು ನಮಗೆ ಹೊಳೆಯುತ್ತದೆ. ನೇಕಾರರ ಹಣಕ್ಕೆ ಮಾತ್ರ ಒಂದೇ ಸಾಕು.

ಈಗ ಕಾಲ ಇನ್ನೂ ಮುಂದೆ ಹೋಗಿದೆ. 2025ರ ಆಗಸ್ಟ್‌ನಲ್ಲಿ ಕೇರಳ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿಕೊಂಡಿತು, ಒಳ್ಳೆಯದೇ. ಹಳ್ಳಿಯ ಬ್ಯಾಂಕ್ ಮಿತ್ರನ ಕೈಯಲ್ಲಿ ಚಿಕ್ಕ ಯಂತ್ರವಿದೆ. ಆಧಾರ್ ಜೋಡಿಸಿದ ಖಾತೆಯವರು ಬೆರಳಿಟ್ಟರೆ ಹಣ. ಎಪ್ಪತ್ತು ವರ್ಷ ಹೆಬ್ಬೆಟ್ಟು ಬಿಡಿಸಲು ಹೋರಾಡಿದ ದೇಶಕ್ಕೆ ಹೆಬ್ಬೆಟ್ಟು ಮರಳಿ ಬಂದಿದೆ, ಸಾಕ್ಷಿ ಮರಳಿ ಬಂದಿಲ್ಲ. ಯಂತ್ರದಲ್ಲಿ ಐನೂರು ಒತ್ತಿದ್ದಾನೋ ಐದು ಸಾವಿರವೋ ಎಂದು ಓದಲಾರದವಳಿಗೆ ಆ ಬೆಳಕಿನ ಗಾಜು ಹಳೆಯ ಮಸಿಯ ಡಬ್ಬಿಗಿಂತ ಕಪ್ಪು. ಮೊಬೈಲಿನಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತುವ ನಾವು ಓದಿದವರೂ ಅದರ ಮೇಲಿನ ಮೂವತ್ತು ಪುಟ ಓದಿರುವುದಿಲ್ಲ. ಒಪ್ಪದೆ ಒಪ್ಪ ಹಾಕುವ ರೋಗ ಅನಕ್ಷರಸ್ಥರದು ಮಾತ್ರವಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ವಯಸ್ಕರ ತರಗತಿಯ ಪುಸ್ತಕ ಪಾಸ್‌ಬುಕ್, ಮುಂಗಡದ ಚೀಟಿ, ಮಂಡಿಯ ಬಿಲ್ಲು, ಔಷಧದ ಚೀಟಿ, ವಿಮೆಯ ಅರ್ಜಿಗಳಿಂದ ಕಟ್ಟಿದ್ದಾಗಿರಲಿ. ತರಗತಿ ಮಗ್ಗದ ಬೀದಿಗೆ, ಮಂಡಿಯ ಅಂಗಳಕ್ಕೆ ಬರಲಿ; ಆ ಹೊತ್ತಿನ ಕೂಲಿ ತುಂಬಿಕೊಡುವ ಏರ್ಪಾಡಿರಲಿ. ಕಲಿಸುವವರಲ್ಲಿ ಆ ಬೀದಿಯ ಮಾತು ಬಲ್ಲವರು ಇರಲಿ, ಅವರಿಗೆ ಸಂಬಳವಿರಲಿ. ಉಚಿತ ಸೇವೆಯ ಹೊಗಳಿಕೆಯಿಂದ ಯಾರ ಒಲೆಯೂ ಉರಿಯುವುದಿಲ್ಲ. ಗಿರಾಕಿಗಳು ಬಳಸುವ ಅರ್ಜಿ, ಪಾಸ್‌ಬುಕ್‌ಗಳು ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಮೂರರಲ್ಲೂ ಸಿಗಬೇಕೆಂಬ ರಿಸರ್ವ್ ಬ್ಯಾಂಕಿನ ಸೂಚನೆಯನ್ನು ಸಾಲ-ವಿಮೆಗಳ ಕರಾರಿನ ಕಟ್ಟಕಡೆಯ ಪುಟದವರೆಗೂ ಎಳೆಯಬೇಕು. ಹೆಬ್ಬೆಟ್ಟಿನವನಿಗೆ ಇರುವ ‘ಬಾಯಿಬಿಟ್ಟು ವಿವರಿಸುವ’ ಹಕ್ಕು ಕೇಳಿದ ಪ್ರತಿಯೊಬ್ಬನಿಗೂ ಸಿಗಬೇಕು. ಇದರಿಂದ ನಮ್ಮ ಕೌಂಟರಿನ ಸಾಲು ಉದ್ದವಾಗುತ್ತದೆ. ಆಗಲಿ, ಅದಕ್ಕೇ ನಮಗೆ ಸಂಬಳ.

ಇನ್ನು ಪರೀಕ್ಷೆ. 1940ರ ದಶಕದ ಕೊನೆಗೆ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆದಾಗ ಅದಕ್ಕೆ ಮಾದರಿಯಾಗಿದ್ದುದು ಡೆನ್ಮಾರ್ಕಿನ ಜನತಾ ಶಾಲೆಗಳು. ಅವುಗಳಲ್ಲಿ ಪರೀಕ್ಷೆಯೇ ಇರಲಿಲ್ಲ. ಪರೀಕ್ಷೆ ಬೇಕೇ ಬೇಕೆಂದು ಇಲಾಖೆ ಹಟ ಹಿಡಿದರೆ ಆ 150 ಅಂಕಗಳಲ್ಲಿ 50ನ್ನು ನನ್ನ ಒಂದು ಪ್ರಶ್ನೆಗೆ ಬಿಟ್ಟುಕೊಡಲಿ. ಮುಂಗಡದ ಒಂದು ಕರಾರುಪತ್ರವನ್ನು ಕಲಿತವರ ಮುಂದಿಡಿ. ಅದರಲ್ಲೊಂದು ಅನ್ಯಾಯದ ಸಾಲು ಇರಲಿ. ಸಹಿ ಹಾಕದೆ ಕಾಗದವನ್ನು ಹಿಂದಕ್ಕೆ ತಳ್ಳಿ ‘ಈ ಸಾಲು ತೆಗೆಯಿರಿ’ ಎಂದವರಿಗೆ ಪೂರ್ಣ ಅಂಕ ಕೊಡಿ. ಹಾಗೆ ಎಷ್ಟು ಜನ ಪಾಸಾದರೋ ಅಷ್ಟನ್ನೇ ಸಾಕ್ಷರರ ಸಂಖ್ಯೆಯೆಂದು ಅಚ್ಚು ಹಾಕಿಸಿ.